ಮೂಗಿನೊಳಗಿನ ದ್ರಾಕ್ಷಿ

ಮೂಗಿದ್ದೂ ವಾಸನೆ ತಿಳಿಯದವನಾಗಿ ನಾನು ಚೆನ್ನೈಯಲ್ಲಿ ಕೆಲವು ವರ್ಷ ಬಾಳಿದ್ದೇನೆ. ಎರಡು ಸಾವಿರದ ಇಸವಿಯ ಆಸುಪಾಸು. ಮೊದಮೊದಲು ಅದನ್ನೊಂದು ಅನುಕೂಲವೆಂದೇ ಭಾವಿಸಿದ್ದೆ. ಕೂವಂ ನದಿಯ ಸೇತುವೆ ಬಂದಾಗ ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡರೆ, ನಾನೊಬ್ಬ ಯೋಗಿಯ ಹಾಗೆ ಕಿಟಕಿಯಾಚೆ ನೋಡುತ್ತಿದ್ದೆ.

ಆ ಯೋಗ ಮುರಿದದ್ದು ಒಂದು ಭಾನುವಾರ. ತಾಂಬರಂನ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಗ್ಯಾಸ್ ಸೋರುತ್ತಿದ್ದ ಅಡುಗೆಮನೆಯ ಪಕ್ಕದಲ್ಲೇ ಕೂತು ನಾನು ಪೇಪರ್ ಓದುತ್ತಿದ್ದೆ. ಮಹಡಿಯಲ್ಲಿ ಬಟ್ಟೆ ಒಣಹಾಕಿ ಬಂದ ನನ್ನ ಹೆಂಡತಿ ವತ್ಸಲಾ ಓಡಿಹೋಗಿ ಗ್ಯಾಸ್ ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದಳು.

"ನಿಮ್ಮನ್ನ ಒಬ್ಬರನ್ನೇ ಮನೇಲಿ ಬಿಟ್ಟು ಹೋಗೋದು ಹೇಗೆ ರೀ?" ಎಂದಳು.

ಮರುದಿನವೇ ಟಿ. ನಗರದ ಕಿವಿ-ಮೂಗು-ಗಂಟಲಿನ ಡಾಕ್ಟರ ಮುಂದೆ ಕೂತೆ. ಅವರು ದೀಪ ಹಿಡಿದು ಇಣುಕಿ, "ಪಾಲಿಪ್ ಸಾರ್. ದಿರಾಕ್ಷೈ ಕೊತ್ತು ಮಾದಿರಿ ಇರುಕ್ಕು" ಎಂದರು. ಬಹುಕಾಲದ ಉರಿಯೂತದಿಂದ ಒಳಪೊರೆ ಊದಿ, ದ್ರಾಕ್ಷಿ ಗೊಂಚಲಿನ ಹಾಗೆ ಜೋತುಬಿದ್ದಿತ್ತಂತೆ. ಆಪರೇಷನ್ ಆಗಬೇಕು, ಆಮೇಲೂ ಮತ್ತೆ ಬೆಳೆಯಬಹುದು, ಮೂಗಿಗೆ ಸ್ಪ್ರೇ ತಪ್ಪಿಸಬಾರದು.

ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಮೈಸೂರಿನ ಹುಡುಗಿಯೊಬ್ಬಳು, ಕತ್ತರಿಸಿ ತೆಗೆಯುವ ಚೂರನ್ನು ಪರೀಕ್ಷೆಗೆ ಕೊಡುತ್ತೀರಾ ಎಂದು ಕೇಳಿದಳು.

"ಅದರಲ್ಲಿ ಏನಮ್ಮ ನೋಡ್ತೀಯ?"

"ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಸರ್. ಧೂಳೋ ರೋಗಾಣುವೋ ಬಂದ್ರೆ ಹೊಡೆದೋಡಿಸೋಕೆ ನಮ್ಮ ಸೆಲ್‌ಗಳು ಒಂಥರಾ ಚುರುಕಾದ ಆಕ್ಸಿಜನ್ ಬಿಡ್ತವೆ. ಅದನ್ನ ಹತೋಟಿಲಿಡೋ ಶಕ್ತಿ ಸಾಲದೇ ಹೋದ್ರೆ ನಮ್ಮ ಪೊರೆಗೇ ಪೆಟ್ಟು. ಊತ ಇಳಿಯೋದೇ ಇಲ್ಲ."

"ಅಂದರೆ, ನನ್ನ ತಪ್ಪೇನಿಲ್ಲ?"

"ಇಲ್ಲ ಸರ್. ಮೈ ನಿಮ್ಮನ್ನ ಕಾಪಾಡೋಕೆ ಹೋಗಿ ಹೀಗೆ ಮಾಡ್ಕೊಂಡಿದೆ."

ಮನೆಯನ್ನು ಕಾಯುವ ಭರದಲ್ಲಿ ಮನೆಯವರ ಮೇಲೆಯೇ ಹರಿಹಾಯುವ ಹಿರಿಯರನ್ನು ನಾನು ಕಂಡಿದ್ದೇನೆ. ನನ್ನ ಮೂಗೂ ಆ ಪೈಕಿಯದೆಂದು ತಿಳಿದಾಗ ಅದರ ಮೇಲೆ ಕನಿಕರವೇ ಬಂತು. ಚೂರು ಕೊಡಲು ಒಪ್ಪಿದೆ.

ಆಪರೇಷನ್ ಆದ ಮೇಲೂ ಕೆಲವು ವಾರ ಏನೂ ತಿಳಿಯಲಿಲ್ಲ. ವತ್ಸಲಾ ದಿನಾ ಬಡಿಸಿ ನನ್ನ ಮುಖ ನೋಡುವಳು. ನಾನು ಇಲ್ಲವೆಂದು ತಲೆಯಾಡಿಸುವೆ. ಒಂದು ಸಂಜೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬೆವರು, ಮಲ್ಲಿಗೆ, ಯಾರದೋ ಬುಟ್ಟಿಯ ಒಣಮೀನು ಎಲ್ಲ ಒಟ್ಟಿಗೇ ಮೂಗಿಗೆ ನುಗ್ಗಿದವು. ಪಕ್ಕದವರು, "ಎನ್ನ ಸಾರ್, ಸಿರಿಕ್ಕಿರೀಂಗ?" ಎಂದರು. ನಾನು ನಗುತ್ತಲೇ ಒಣಮೀನಿನ ಬುಟ್ಟಿಯತ್ತ ಬೆರಳು ತೋರಿಸಿದೆ.

ಮನೆಯಲ್ಲಿ ಏನೂ ಹೇಳದೆ ಊಟಕ್ಕೆ ಕೂತೆ. ಬಿಸಿ ಸಾರಿನ ಹಬೆ ಮೇಲೆದ್ದಿತು.

"ಇಂಗು ಸ್ವಲ್ಪ ಜಾಸ್ತಿಯಾಯ್ತು ಕಣೇ" ಎಂದೆ.

ಅಡುಗೆಗೆ ಹೆಸರಿಟ್ಟರೆ ಎರಡು ಹೊತ್ತು ಮಾತು ಬಿಡುತ್ತಿದ್ದವಳು ವತ್ಸಲಾ. ಸೌಟನ್ನು ಕೆಳಗಿಟ್ಟು ನನ್ನ ಎದುರಿಗೇ ಕೂತಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹೇಳಿ" ಎಂದಳು.