ಬೆಳ್ಳಿಯ ಹಿಂದೆ ಬಂದವಳು

ಅರ್ಜೆಂಟೀನಾದ ಅರೆಕೊ ಊರಿನ ಬೆಳ್ಳಿ ಕೆಲಸದಂಗಡಿಯಲ್ಲಿ ಫೋರ್ತುನಾತಾ ಚೋಕೆ ಮೂವತ್ತೊಂಬತ್ತು ವರ್ಷದಿಂದ ಮಾಟೆ ಕಷಾಯ ಹೀರುವ ಕೊಳವೆ ಮಾಡುತ್ತಿದ್ದಳು. ಪ್ರತಿಯೊಂದರ ಬೆನ್ನಿಗೂ ‘ಅರ್ಜೆಂಟೀನಾದ ತಯಾರಿಕೆ’ ಎಂಬ ಮುದ್ರೆ ಒತ್ತುವವಳೂ ಅವಳೇ. ಆದರೆ ಹುಟ್ಟಿದ್ದು ಬೊಲಿವಿಯಾದ ಬೆಳ್ಳಿ ಗಣಿಯ ಊರು ಪೊಟೊಸಿಯಲ್ಲಿ. ಗುರುತಿನ ಚೀಟಿಯಲ್ಲಿ ‘ವಿದೇಶಿ’ ಎಂದೇ ಇತ್ತು. ದೇಶದ ಚುನಾವಣೆಯ ದಿನ ಊರಿಗೆ ಊರೇ ಶಾಲೆಯ ಮುಂದೆ ಸಾಲುಗಟ್ಟಿದರೆ, ಇವಳು ಅಂಗಡಿ ಬಾಗಿಲಲ್ಲಿ ನಿಂತು ನೋಡಬೇಕಿತ್ತು. ಅದು ಅವಳಿಗೆ ಚುಚ್ಚುತ್ತಿತ್ತು.

ಅರವತ್ತೊಂದನೆಯ ವಯಸ್ಸಿನಲ್ಲಿ ಪೌರತ್ವಕ್ಕೆ ಅರ್ಜಿ ಹಾಕಿದಳು. ವಿಚಾರಣೆಯ ಹಿಂದಿನ ದಿನ ಪಕ್ಕದಲ್ಲಿ ಕೂತು ಕೆಲಸ ಮಾಡುವ ಅನ್ಸೆಲ್ಮೊ ಬುದ್ಧಿ ಹೇಳಿದ:

“ಅಕ್ಕಾ, ದೇಶಕ್ಕೆ ಈ ಹೆಸರು ಹೆಂಗ್ ಬಂತು ಅಂತ ಕೇಳ್ತಾರಂತೆ. ಲ್ಯಾಟಿನ್ನಲ್ಲಿ ಬೆಳ್ಳಿಗೆ ಅರ್ಜೆಂಟುಮ್ ಅಂತಾರೆ, ಅದರಿಂದ ಬಂತು ಅಂದ್ಬಿಟ್ಟು ಬಾಯಿ ಮುಚ್ಕೋ. ನಿನ್ನ ಪೊಟೊಸಿ ಪುರಾಣ ಬೇಡ.”

“ಪುರಾಣ ಅಲ್ವೋ, ನಿಜ. ಬೆಳ್ಳಿ ನಮ್ಮ ಬೆಟ್ಟದ್ದು. ಬೆಳ್ಳಿ ಹೆಸರಿಟ್ಕೊಂಡ ನಿಮ್ಮ ಹೊಳೇಲಿ ಇದ್ದಿದ್ದು ಬರೀ ಕೆಸರು.”

“ಇದನ್ನ ಅಲ್ಲಿ ಹೇಳು, ಗಡಿ ದಾಟಿಸಿ ಬರ್ತಾರೆ.”

ಬಾಯಿ ಮುಚ್ಚಿಕೊಂಡೇ ಇರಬೇಕೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಆದರೆ ನ್ಯಾಯಾಧೀಶೆ ಅದೇ ಪ್ರಶ್ನೆ ಕೇಳಿದಾಗ ಹಾಳು ನಾಲಿಗೆ ಕೇಳಬೇಕಲ್ಲ?

“ಬೆಳ್ಳಿಯಿಂದ, ಮೇಡಂ. ಆಗ ಹಡಗಲ್ಲಿ ಬಂದೋರು ಈ ಹೊಳೆ ಹಿಡಿದು ಹೋದ್ರೆ ಬೆಳ್ಳಿ ಬೆಟ್ಟ ಸಿಗುತ್ತೆ ಅಂತ ನಂಬಿ ಹೆಸರಿಟ್ರು. ಇಲ್ಲಿ ಬೆಳ್ಳಿ ಇರಲಿಲ್ಲ. ಇದ್ದದ್ದು ನಮ್ಮೂರಲ್ಲಿ.”

ನ್ಯಾಯಾಧೀಶೆಯ ಪೆನ್ನು ನಿಂತಿತು. ಎಲ್ಲಾ ನನ್ನ ಕೈಯಾರೆ ಕೆಡಿಸಿಕೊಂಡೆ ಅಂದುಕೊಂಡಳು ಫೋರ್ತುನಾತಾ.

“ಸರಿಯಾಗೇ ಹೇಳಿದ್ರಿ,” ಎಂದರು ನ್ಯಾಯಾಧೀಶೆ. “ಇನ್ನೊಂದು ಮಾತು ಸೇರಿಸ್ಕೊಳ್ಳಿ. ಮೊದಮೊದಲು ಆ ಹೆಸರು ಬಂದರಿನ ರಾಜಧಾನಿಯವರಿಗೆ ಮಾತ್ರ ಇತ್ತು. ದೂರದ ಉತ್ತರದಲ್ಲಿರೋ ನಮ್ಮ ಸಾಲ್ತಾದವರಿಗೆಲ್ಲ ಆಮೇಲೆ ಸಿಕ್ತು. ಈಗ ನಿಮ್ಮ ಸರದಿ, ಅಮ್ಮಾ.”

ಫೋರ್ತುನಾತಾ ಕೋಣೆಗೆಲ್ಲ ಕೇಳುವಂತೆ ಪ್ರಮಾಣವಚನ ಹೇಳಿದಳು. ಅಷ್ಟು ಸಂತೋಷ ಅವಳಿಗೆ ಮದುವೆ ದಿನವೂ ಆಗಿರಲಿಲ್ಲ.

ಕಣ್ಣೊರೆಸಿಕೊಂಡು ಹೊರಗೆ ಬಂದರೆ ಅಂಗಡಿಯವರೆಲ್ಲ ಕಾದು ನಿಂತಿದ್ದರು. ಆ ದೇಶದಲ್ಲಿ ಪದವಿ ಪಡೆದ ಹುಡುಗರಿಗೆ ಮಾಡುವ ಮರ್ಯಾದೆಯನ್ನೇ ಇವಳಿಗೂ ಮಾಡಿದರು: ತಲೆ ಮೇಲೆ ನಾಲ್ಕು ಮೊಟ್ಟೆ, ಮೇಲಿಂದ ಒಂದು ಚೀಲ ಮೈದಾಹಿಟ್ಟು. ಹೊಸ ಶಾಲು ಪೂರ್ತಿ ಹಾಳಾಯಿತು. ಅವಳು ನಗುತ್ತಲೇ ಅನ್ಸೆಲ್ಮೊನ ಕೈಯಲ್ಲಿ ಉಳಿದಿದ್ದ ಕೊನೆಯ ಮೊಟ್ಟೆ ಕಿತ್ತುಕೊಂಡು ಅವನ ಬೋಳುತಲೆ ಮೇಲೆ ಒಡೆದಳು.

“ಯಾಕಕ್ಕಾ, ನಾನೇನ್ ಮಾಡ್ದೆ?”

“ಏನಿಲ್ಲ ಕಣೋ,” ಎಂದಳು ಫೋರ್ತುನಾತಾ. “ನಮ್ಮ ದೇಶದಲ್ಲಿ ಹಿಂಗೇನೇ.”