ಗೇಣುದ್ದದ ಹಿಡಿಕಿ

ಎಂಬತ್ತನೇ ಇಸವಿ ಸುಮಾರಿಗೆ ಬಾಗಲಕೋಟಿ ಆಫೀಸಿನ್ಯಾಗ ಕುಂತು ನಮ್ಮ ಸಾಹೇಬರು ಒಂದು ಸರ್ವೇ ಫಾರ್ಮು ತಯಾರ ಮಾಡಿದ್ರು. ಮಂದಿ ಕೈಕಸುಬು ಯಾಕ ಹಿಡಿತಾರ ಅನ್ನೋದಕ್ಕ ಅದರಾಗ ಮೂರ ಕಾರಣ: ವಂಶಪಾರಂಪರ್ಯ, ಬಡತನ, ಹವ್ಯಾಸ. ಅವರ ತಲಿಗೆ ಮೂರು ಹೊಳೆದದ್ದ ಭಾಳಾತು.

ಅದನ್ನ ಹಿಡಕೊಂಡು ಗುಡೂರಿಗೆ ಹೋದೆ. ಗಂಗವ್ವ ಅನ್ನಾಕಿ ಕಟ್ಟಿ ಮ್ಯಾಲೆ ಕುಂತು ಕುಡಗೋಲಿನಿಂದ ಕಟಗಿ ಸೌಟು ಕೆತ್ತಾಕತ್ತಿದ್ಲು.

"ಯಾಕ ಹಿಡದಿ ಯವ್ವಾ ಈ ಕೆಲಸ?"

"ನುಚ್ಚು ಕುದಿಯುವಾಗ ಹೆಂಗ ಸಿಡಿತೈತಿ, ಗೊತ್ತೈತೇನ್ರಿ?"

ಗೊತ್ತಿರಲಿಲ್ಲ. ನಾ ನುಚ್ಚು ಉಂಡು ಬೆಳೆದಾಂವ, ಕುದಿಸಿದಾಂವ ಅಲ್ಲ. ಆಕಿ ಮುಂಗೈ ತೋರಿಸಿದ್ಲು. ಅದರ ತುಂಬ ಸುಟ್ಟ ಕಲಿಗಳು.

"ಬಡಿಗ್ಯಾ ಮಾಡಿದ ಸೌಟಿನ ಹಿಡಿಕಿ ಗೇಣುದ್ದ ಇತ್ತು. ಉದ್ದ ಮಾಡೋ ಅಂದ್ರ, ಇಷ್ಟ ಸಾಕು ಅಂದ. ಒಂದಿನಾನೂ ಒಲಿ ಮುಂದ ಕುಂತಾಂವಲ್ಲ ಅಂವ. ಅದಕ ನಾನ ಕೆತ್ತಿಕೊಂಡೆ. ಈಗ ಓಣಿ ಹೆಣ್ಮಕ್ಕಳೆಲ್ಲಾ ನನ್ನ ಕಡೆನ ಬರ್ತಾರ."

ಇದನ್ನ ಹೇಳಿದ್ರ ಸಾಹೇಬರು, "ಹವ್ಯಾಸ ಅಂತ ಬರೀರಿ. ಹೆಣ್ಮಕ್ಕಳಿಗೆ ಹೊತ್ತು ಹೋಗಬೇಕಲ್ಲ" ಅಂದ್ರು. ನಾನೂ ಅಂಥಾ ಶೂರ ಏನಲ್ಲ, ಹಂಗ ಬರೆದೆ.

ಮರುದಿನ ಮಧ್ಯಾಹ್ನ ಮನ್ಯಾಗ ಹೆಂಡತಿ ನುಚ್ಚು ನೀಡುವಾಗ ಮೊದಲ ಸಲ ಆಕಿ ಮುಂಗೈ ನೋಡಿದೆ. ಅಲ್ಲೂ ಅಂಥವ ಕಲಿ.

"ಏನ ನೋಡ್ತೀರಿ, ಉಣ್ರಿ" ಅಂದ್ಲು.

ಹನ್ನೆರಡು ವರ್ಷ ಆ ಕೈಲೆ ನೀಡಿಸಿಕೊಂಡು ಉಂಡಾಂವ ನಾ, ಕಾರಣ ಕೇಳಾಕ ಊರೂರು ತಿರುಗಿದ್ದೆ. ಅದಕ್ಕ ಸರಕಾರ ನನಗ ಭತ್ಯೆನೂ ಕೊಟ್ಟಿತ್ತು.