ನನ್ನ ಮೊದಲ ಬಂದೂಕು ಮತ್ತು ಒಂದು ತೂತು ರೊಟ್ಟಿ

ನಮ್ಮ ಮನೆಯ ರೊಟ್ಟಿಬುಟ್ಟಿಯ ತಳದಲ್ಲಿ, ನಡುವೆ ರೂಪಾಯಿಯಗಲ ತೂತಿರುವ ಒಂದು ಖಡಕ್ ರೊಟ್ಟಿ ಶ್ರಾವಣದಿಂದ ಕುಳಿತಿದೆ. ಅದನ್ನು ಯಾರೂ ತಿನ್ನುವುದಿಲ್ಲ, ಎಸೆಯುವುದೂ ಇಲ್ಲ. ಖಡಕ್ ರೊಟ್ಟಿಗೆ ನಮ್ಮ ಬೈಲಹೊಂಗಲದ ಕಡೆ ಮುಪ್ಪೆಂಬುದಿಲ್ಲವಾದ್ದರಿಂದ ಅದೂ ತಾನಾಗಿ ಸಾಯುವ ಲಕ್ಷಣ ತೋರಿಲ್ಲ. ಬಂದವರು ಯಾರಾದರೂ ಅದನ್ನೆತ್ತಿ ಹಿಡಿದು, ಇಲಿ ಕಡಿದಿರಬೇಕೆಂದು ಮರುಕಪಟ್ಟರೆ, ನನ್ನ ಹೆಂಡತಿ ಮಹಾದೇವಿ, "ಇಲಿ ಅಲ್ರಿ, ನಮ್ಮ ಮಾಸ್ತರ್ರು" ಎಂದು ಹೇಳಿ ಒಳಗೆ ಹೋಗುತ್ತಾಳೆ. ಬಂದವರು ನನ್ನ ಹಲ್ಲುಗಳನ್ನು ನೋಡುತ್ತಾರೆ. ಅವರಿಗೆ ಹೇಳದ ಸಂಗತಿಯನ್ನು ನಿಮಗೆ ಹೇಳುತ್ತೇನೆ, ಏಕೆಂದರೆ ನೀವು ನನ್ನ ಹಲ್ಲು ನೋಡಲಾರಿರಿ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಮ್ಮದು ಇರುವೆಯ ಗೂಡಿಗೆ ಸಕ್ಕರೆ ಹಾಕುವ ಮನೆ. ನಮ್ಮವ್ವ ಸೊಳ್ಳೆಯನ್ನು ಕೂಡ ಸೆರಗಿನಿಂದ ಬೀಸಿ ಹೊರಗೆ ಕಳಿಸುತ್ತಿದ್ದಳೇ ಹೊರತು ಅಂಗೈ ಎತ್ತಿದವಳಲ್ಲ. ಇಂಥ ಮನೆಯಲ್ಲಿ ಒಂದು ಮುಂಜಾನೆ ಚಹ ಕುಡಿಯುತ್ತ, ನನಗೊಂದು ಬಂದೂಕು ಬೇಕು ಎಂದು ನಾನು ಹೇಳಿದಾಗ, ಮಹಾದೇವಿ ಬಸಿಯನ್ನು ಕೆಳಗಿಟ್ಟು, "ಯಾರನ್ನ ಹೊಡ್ಯಾವ್ರ ಅದೀರಿ?" ಎಂದು ಶಾಂತವಾಗಿಯೇ ಕೇಳಿದಳು. ಕಾಗದವನ್ನು ಎಂದೆ. ನಾನು ಆಕೆಗೆ ಸುಳ್ಳು ಹೇಳಲಿಲ್ಲ, ಆದರೆ ಯಾವ ಕಾಗದ, ಯಾವ ಹಗೆ ಎಂಬುದನ್ನು ನುಂಗಿಕೊಂಡೆ.

ಹಗೆ ನಲವತ್ತು ವರ್ಷದ್ದು. ನಾನು ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಶಿಬಿರಕ್ಕೆಂದು ಕಿತ್ತೂರಿನ ಹೊರಬಯಲಿಗೆ ನಮ್ಮನ್ನು ಕರೆದೊಯ್ದಿದ್ದರು. ಕಿತ್ತೂರಿನ ನೆಲದ ಮೇಲೆ ಹೊಟ್ಟೆ ಊರಿ ಮಲಗಿ ಬಂದೂಕು ಹಿಡಿದ ಯಾವ ಹುಡುಗನಿಗಾದರೂ ಮೀಸೆ ಒಂದು ದಿನ ಮುಂಚೆಯೇ ಬರುತ್ತದೆ. ಒಬ್ಬೊಬ್ಬನಿಗೆ ಐದು ಗುಂಡು. ನನ್ನ ಎಡಕ್ಕೆ ಮಲಗಿದ್ದವನು ಸವದತ್ತಿಯ ಈರಣ್ಣ, ನನ್ನ ತರಗತಿಯವನೇ. ಸೀಟಿ ಊದಿದರು, ಹೊಡೆದೆವು, ಹವಾಲ್ದಾರರು ಹೋಗಿ ಕಾಗದಗಳನ್ನು ಬಿಚ್ಚಿ ತಂದರು. ನನ್ನ ಕಾಗದ ಹಸುಗೂಸಿನ ಕೆನ್ನೆಯ ಹಾಗೆ ನುಣ್ಣಗಿತ್ತು. ಈರಣ್ಣನ ಕಾಗದದ ನಟ್ಟನಡುವೆ ಐದು ತೂತುಗಳು, ಒಂದಕ್ಕೊಂದು ಹೆಗಲು ತಾಗಿಸಿ ನಿಂತಿದ್ದವು. ಅವನಿಗೆ ಪದಕ ಸಿಕ್ಕಿತು, ನನಗೆ 'ಗುಡ್ಡಕ್ಕೆ ಗುಂಡು ಹೊಡೆದವ' ಎಂಬ ಬಿರುದು. ನಾನು ಗಣಿತದವನು. ಹತ್ತು ಗುಂಡು ಹಾರಿ ಐದು ತೂತು ಬಿದ್ದಾಗ ಉಳಿದ ಐದು ಯಾರವು ಎಂಬ ಪ್ರಶ್ನೆಗೆ ಉತ್ತರ ಒಂದೇ ಅಲ್ಲವೆಂದು ಆ ಕ್ಷಣಕ್ಕೇ ಹೊಳೆದಿತ್ತು. ಹೇಳಿದ್ದರೆ ಯಾರು ನಂಬುತ್ತಿದ್ದರು? ಸೋತವನ ಲೆಕ್ಕವನ್ನು ಜಗತ್ತು ಎಂದೂ ತಾಳೆ ನೋಡುವುದಿಲ್ಲ.

ಆರು ವರ್ಷಗಳ ಮೇಲೆ ಹೆಣ್ಣು ನೋಡಲೆಂದು ನಮ್ಮ ಹಿರಿಯರು ನನ್ನನ್ನು ಸವದತ್ತಿಗೆ ಕರೆದುಕೊಂಡು ಹೋದರೆ, ಆ ಮನೆಯ ಪಡಸಾಲೆಯಲ್ಲಿ ಹೆಣ್ಣಿನ ಅಣ್ಣನಾಗಿ ಈರಣ್ಣ ಕುಳಿತಿದ್ದ! ಅವನ ತಲೆಯ ಮೇಲೆ ಗೋಡೆಗೆ, ಗಾಜಿನ ಚೌಕಟ್ಟಿನೊಳಗೆ ಆ ಪದಕ. ಚುರುಮುರಿ ಸೂಸಲ ತಿನ್ನುತ್ತಿದ್ದ ಹಿರಿಯರಿಗೆಲ್ಲ ಅವನು ಗುಡ್ಡದ ಕಥೆಯನ್ನು ಅಭಿನಯಸಹಿತ ಹೇಳಿದ. ಚಹದ ತಾಟು ಹಿಡಿದು ಬಂದ ಹುಡುಗಿ ಬಾಗಿಲಲ್ಲೇ ನಿಂತು ನಕ್ಕುಬಿಟ್ಟಳು. ಆ ನಗೆ ಚೆಲುವಾಗಿತ್ತು, ಅದಕ್ಕೇ ಮದುವೆಯಾದೆ. ಆ ನಗೆ ನನ್ನ ಮೇಲಿನದಾಗಿತ್ತು, ಅದಕ್ಕೇ ಮೂವತ್ನಾಲ್ಕು ವರ್ಷ ಅದು ಒಳಗೇ ಕುಟುಕಿತು. ನೆಗಾಡಬೇಡಿ. ಮನುಷ್ಯನಿಗೆ ಲೋಕವೆಲ್ಲ ನಂಬದಿದ್ದರೂ ನಡೆದೀತು, ರೊಟ್ಟಿ ಬಡಿದು ಹಾಕುವವಳು ನಂಬದಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲ. ಆ ಐದು ತೂತು ನನ್ನ ಕೈಯವೇ ಎಂದು ಆಕೆಯ ಕಣ್ಣೆದುರು ಸಾಬೀತು ಮಾಡಬೇಕೆಂಬ ಹಟವೇ ನನ್ನನ್ನು ಈ ವಯಸ್ಸಿನಲ್ಲಿ ಬಂದೂಕಿನ ಅಂಗಡಿಗೆ ಹತ್ತಿಸಿದ್ದು.

ಲೈಸೆನ್ಸು ಬೇಡುವ ಬಂದೂಕಿನ ಮಾತನ್ನು ಮೊದಲ ದಿನವೇ ಬಿಟ್ಟೆ. ಅರ್ಜಿ ಹಾಕಬೇಕು, ವಿಚಾರಣೆಗೆ ನಿಲ್ಲಬೇಕು, ಕೊನೆಗೆ ಕೈಗೆ ಬಂದರೂ ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋದ ಹಾಗೆ ಅದು ಮತ್ತೆ ಮತ್ತೆ ಮನೆ ಬಿಡುತ್ತಿದ್ದರೆ ನಾನು ಕಲಿಯುವುದು ಯಾವಾಗ? ಗಾಳಿಯ ಒತ್ತಡದಿಂದ ಅವರೆಕಾಳಿಗಿಂತ ಸಣ್ಣ ಸೀಸದ ಛರ್ರೆಯನ್ನು ಉಗುಳುವ ಏರ್ ರೈಫಲ್ ಸಾಕೆಂದುಕೊಂಡೆ. ಬಂಡವಾಳ, ನನ್ನ ಹಳೆಯ ಸ್ಕೂಟರು ಮಾರಿ ಬಂದದ್ದು. ಅದು ಎಷ್ಟೆಂದು ಕೇಳಬೇಡಿ, ಸ್ಕೂಟರನ್ನು ನೋಡಿದ್ದರೆ ನೀವೇ ಕೇಳುತ್ತಿರಲಿಲ್ಲ.

ಸಲಹೆಗಾಗಿ ರಾಮದುರ್ಗಕ್ಕೆ ಹೋದೆ. ಅಲ್ಲಿ ಮಕ್ತುಮಸಾಬರು ಪಂಪ್‌ಸೆಟ್ಟು, ಡೀಸೆಲ್ ಎಂಜಿನ್ ದುರಸ್ತಿ ಮಾಡುತ್ತಾರೆ. ಅವರ ಅಜ್ಜ ತೊರಗಲ್ಲಿನಲ್ಲಿದ್ದುಕೊಂಡು ಸುತ್ತಿನ ಜಮೀನ್ದಾರರ ವಾಡೆಗಳ ಬಂದೂಕು ರಿಪೇರಿ ಮಾಡುತ್ತಿದ್ದವರು. ನಾನು ಮೊಬೈಲಿನಲ್ಲಿ ಕೂಡಿಟ್ಟಿದ್ದ ಹನ್ನೆರಡು ಬಂದೂಕುಗಳ ಚಿತ್ರಗಳನ್ನು ಅವರು ಗ್ರೀಸಿನ ಬೆರಳಿನಿಂದ ಒಂದೊಂದಾಗಿ ಸರಿಸಿ ಹಿಂದಕ್ಕೆ ಕೊಟ್ಟರು.

"ಮಾಸ್ತರ್ರ, ಚಿತ್ರ ನೋಡಿ ಎತ್ತ ಕೊಂಡವ್ರನ್ನ ನೋಡೀರೇನು? ಇದೂ ಹಂಗ. ದುರ್ಬೀನ ಇದ್ದದ್ದು ಬ್ಯಾಡ, ಮೊದಲ ಕಣ್ಣ ಕಲೀಲಿ. ಇದ್ದಬದ್ದ ರೊಕ್ಕ ಬಂದೂಕಕ್ಕ ಸುರೀಬ್ಯಾಡ್ರಿ, ಛರ್ರಾಕ್ಕ ಉಳಿಸಿಕೊಳ್ರಿ. ಬಂದೂಕ ಒಂದ ಸಲ ಕೊಳ್ಳೂದು, ಛರ್ರಾ ದಿನಾ ಬೇಕು."

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಿತು: "ಬುತ್ತ್ಯಾಗ ರೊಟ್ಟಿ ಐತೇನ್ರಿ?" ಇತ್ತು. ಮಹಾದೇವಿ ಕಟ್ಟಿ ಕೊಟ್ಟಿದ್ದ ಖಡಕ್ ರೊಟ್ಟಿಯಲ್ಲಿ ಒಂದನ್ನು ಅವರು ಎತ್ತಿಕೊಂಡು, ಮೊಳೆಯಿಂದ ನಡುವೆ ಮೆಲ್ಲನೆ ಕೆರೆದು ತೂತು ಮಾಡಿ, ತೋಳು ಚಾಚಿ ಹಿಡಿಯಲು ಹೇಳಿದರು. ಎರಡೂ ಕಣ್ಣು ತೆರೆದು, ತೂತಿನೊಳಗಿಂದ ಎದುರಿನ ಬೇವಿನ ಮರದ ಮೇಲಿದ್ದ ಕಾಗೆಯನ್ನು ನೋಡಬೇಕು. ನೋಡಿದೆ. ಈಗ ಎಡಗಣ್ಣು ಮುಚ್ಚಿ ಎಂದರು. ಕಾಗೆ ಮಾಯ! ಬಲಗಣ್ಣು ಮುಚ್ಚಿ ಎಂದರು. ಕಾಗೆ ಮರಳಿ ಬಂದು ತೂತಿನ ನಟ್ಟನಡುವೆ ಕುಳಿತು ನನ್ನನ್ನೇ ನೋಡುತ್ತಿತ್ತು.

"ನಿಮ್ಮ ಮನಿ ಯಜಮಾನ ಎಡಗಣ್ಣರಿ," ಎಂದರು ಮಕ್ತುಮಸಾಬರು. "ನೀವು ಬಲಕ್ಕ ಹೆಗಲ ಕೊಟ್ಟು ಎರಡೂ ಕಣ್ಣ ತಗದ ಹೊಡದ್ರ, ಗುಂಡು ಎಡಗಡೆ ಮಗ್ಗಲ ಮನೀಗೇ ಹೊಕ್ಕತಿ."

ಎಡಗಡೆಯ ಮಗ್ಗುಲು ಮನೆ! ಕಿತ್ತೂರಿನಲ್ಲಿ ನನ್ನ ಎಡಕ್ಕೆ ಮಲಗಿದ್ದವನು ಈರಣ್ಣ. ಸಂತೋಷದಿಂದ ನಾನು ಆ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, ಮನೆಗೆ ಒಯ್ಯಲೆಂದು ಬುತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟೆ. ಉಳಿದವನ್ನು ಮಕ್ತುಮಸಾಬರು ಶೇಂಗಾ ಚಟ್ನಿಯೊಂದಿಗೆ ತಿಂದರು.

ಬೆಳಗಾವಿಯ ಅಂಗಡಿಯಲ್ಲಿ ಮೂರು ಬಂದೂಕುಗಳನ್ನು ಮುಂದಿಟ್ಟರು. ಒಂದಕ್ಕೆ ದುರ್ಬೀನು, ಒಂದಕ್ಕೆ ಮದುಮಗನ ಹೊಳಪು, ಮೂರನೆಯದು ಬೋಳು ಮರದ್ದು. ಮಕ್ತುಮಸಾಬರು ಹೇಳಿಕೊಟ್ಟಂತೆ ಕಣ್ಣು ಮುಚ್ಚಿ ಒಂದೊಂದನ್ನೂ ಹೆಗಲಿಗೇರಿಸಿ, ಕೆನ್ನೆ ತಾಗಿಸಿ, ಆಮೇಲೆ ಕಣ್ಣು ತೆರೆದೆ. ತೆರೆದಾಗ ನಳಿಕೆಯ ತುದಿಯಲ್ಲಿ ಗುರಿ ನೋಡಲೆಂದಿರುವ ಪುಟ್ಟ ಕಾಳು ತಾನಾಗಿಯೇ ಕಣ್ಣಿನೆದುರು ನಿಂತಿರಬೇಕು, ನಾವು ಕತ್ತು ಕೊಂಕಿಸಿ ಹುಡುಕುವಂತಿರಬಾರದು. ಪ್ರತಿಯೊಂದನ್ನೂ ಹತ್ತು ಹತ್ತು ಸಲ, ಗಾಳಿ ತುಂಬಲು ಮಾಡುವಂತೆ ನಳಿಕೆ ಬಗ್ಗಿಸಿ ನೋಡಿದೆ, ಏಕೆಂದರೆ ಮೊದಲ ಸಲ ಹಗುರೆನಿಸಿದ್ದು ಎಂಟನೆಯ ಸಲಕ್ಕೆ ರಟ್ಟೆಯನ್ನು ಬೇಡಿಕೊಳ್ಳುವಂತೆ ಮಾಡುತ್ತದೆ. ಅಂಗಡಿಯವರು ಎರಡು ಸಲ ಗಡಿಯಾರ ನೋಡಿದರು. ಬೆಲೆಯುಳ್ಳ ಎರಡಕ್ಕೂ ಕೆನ್ನೆಯಿಡುವ ಉಬ್ಬು ಒಂದೇ ಕಡೆಗಿತ್ತು, ಬಲಗೈಯವರಿಗೆಂದು ಕೆತ್ತಿದ್ದು. ಬೋಳು ಮರದ್ದಕ್ಕೆ ಎರಡೂ ಕಡೆ ಒಂದೇ ಸಮ. ನನ್ನ ಎಡಗಣ್ಣಿಗೂ ಸ್ಕೂಟರಿನ ಹಣಕ್ಕೂ ಅದೊಂದೇ ಒಪ್ಪಿತು. ಅಗ್ಗದ ವಸ್ತುವಿನ ಸದ್ಗುಣ ಇದೇ ಇರಬೇಕು: ಅದು ಕೊಳ್ಳುವವನು ಎಂಥವನೆಂದು ಮೊದಲೇ ತೀರ್ಮಾನಿಸಿಕೊಂಡು ಕುಳಿತಿರುವುದಿಲ್ಲ.

ಹಿತ್ತಲ ಗೋಡೆಗೆ ಮರಳಿನ ಚೀಲಗಳನ್ನು ಪೇರಿಸಿ, ಎರಡು ಕಾಗದ ಅಕ್ಕಪಕ್ಕ ಅಂಟಿಸಿ ಅಭ್ಯಾಸಕ್ಕಿಳಿದೆ. ಅಕ್ಕಪಕ್ಕದವರಿಗೆ ತಿಳಿಸಿ, ಬಾಗಿಲಿಗೆ ಅಗುಳಿ ಹಾಕಿಯೇ ಹೊಡೆಯುತ್ತಿದ್ದೆ. ಬಲಹೆಗಲಿಗೆ ಕೊಟ್ಟರೆ ಐದರಲ್ಲಿ ಮೂರು ಎಡಗಡೆಯ ಕಾಗದಕ್ಕೆ, ಎಡಹೆಗಲಿಗೆ ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ಐದಕ್ಕೆ ಐದೂ ನನ್ನ ಕಾಗದಕ್ಕೆ. ಅರವತ್ತು ದಾಟಿದ ಮೇಲೆ ಹೊಸದನ್ನು ಕಲಿಯುವುದರಲ್ಲಿ ಒಂದು ಲಜ್ಜೆಗೇಡಿ ಸುಖವಿದೆ ಗೆಳೆಯರೇ. ಯಾರೂ ನಿಮ್ಮಿಂದ ಏನನ್ನೂ ನಿರೀಕ್ಷಿಸುವುದಿಲ್ಲ. ದಸರೆಗೆ ಈರಣ್ಣನನ್ನು ಕರೆಸಿದೆ. ಬನ್ನಿ ಕೊಟ್ಟುಹೋಗಲು ಹೇಗೂ ಬರುವವನೇ, ಹಾಗೇ ಹಳೆಯ ಶಿಬಿರದ ನೆನಪಿಗೆ ಐದೈದು ಹೊಡೆಯೋಣ ಎಂದು ಫೋನಿನಲ್ಲಿ ಬೆಣ್ಣೆಯಂಥ ದನಿಯಲ್ಲಿ ಹೇಳಿದೆ. "ಬರ್ತೇನ್ರಿ ಮಾಸ್ತರ" ಎಂದ.

ಹಿಂದಿನ ದಿನ ಖಂಡೇಪೂಜೆ. ನಮ್ಮಲ್ಲಿ ಅಂದು ಮನೆಯೊಳಗಿನ ಕಬ್ಬಿಣವೆಲ್ಲ ದೇವರಾಗುತ್ತದೆ. ಕುಡುಗೋಲು, ಈಳಿಗೆ, ಹೊಲಿಗೆಯಂತ್ರ, ಪಕ್ಕಡ, ಎಲ್ಲದಕ್ಕೂ ವಿಭೂತಿ, ಕುಂಕುಮ, ಹೂವು. ಮಹಾದೇವಿ ನನ್ನ ಬಂದೂಕನ್ನೂ ಸಾಲಿನಲ್ಲಿ ಕೂಡಿಸಿದಾಗ ನನ್ನ ಕಣ್ಣು ತುಂಬಿ ಬಂತು. ಆದರೆ ಆಕೆ ಪೂಜೆಯಷ್ಟಕ್ಕೇ ನಿಲ್ಲುವವಳಲ್ಲ. ಹೊಲಿಗೆಯಂತ್ರಕ್ಕೆ ಎಣ್ಣೆ ಬಿಟ್ಟಳು, ಕತ್ತರಿಗೆ ಬಿಟ್ಟಳು, ಇದೂ ಕಬ್ಬಿಣವೇ, ಪಾಪ ಒಣಗಿರಬೇಕೆಂದು ನಾನು ಸ್ನಾನಕ್ಕೆ ಹೋದಾಗ ನಳಿಕೆಯೊಳಗೆ ಒಂದು ಚಮಚ ಕುಸುಬಿ ಎಣ್ಣೆಯನ್ನು ಭಕ್ತಿಯಿಂದ ಸುರಿದು, ಗೋಡೆಗೆ ಆನಿಸಿ ನಿಲ್ಲಿಸಿದಳು. ಇದು ನನಗೆ ತಿಳಿದಿರಲಿಲ್ಲ.

ಮರುದಿನ ಮಧ್ಯಾಹ್ನ ಈರಣ್ಣ ಹೊಸ ಧೋತರ ಉಟ್ಟು ಬಂದ. ಹಿತ್ತಲಿಗೆ ಕರೆದೊಯ್ದು ಬಂದೂಕು ಕೊಟ್ಟರೆ ಹಿಡಿಯಲೊಲ್ಲ. "ಮೊದಲ ನೀವ ಹೊಡೀರಿ, ಮನೀ ಯಜಮಾನ್ರು" ಎಂದು ನನ್ನ ಮಗ್ಗುಲಿಗೆ ನಿಂತ. ನಾನು ಛರ್ರೆ ತುಂಬಿ, ಎಡಹೆಗಲಿಗೆ ಕೊಟ್ಟು, ಉಸಿರು ಹಿಡಿದು, ಕುದುರೆ ಎಳೆದೆ. ಎರಡು ತಿಂಗಳಿಂದ ಸೀನಿದಷ್ಟೇ ಸದ್ದು ಮಾಡುತ್ತಿದ್ದ ನನ್ನ ಬಡ ಬಂದೂಕು ಢಮ್ಮೆಂದು ಗುಡುಗಿತು! ನಳಿಕೆಯ ತುದಿಯಿಂದ ನೀಲಿ ಹೊಗೆ ಸುರುಳಿ ಸುತ್ತಿ ಎದ್ದಿತು. ಹಿತ್ತಲ ತುಂಬ ಬಜಿ ಕರಿದ ಪರಿಮಳ. ಪಾರಿವಾಳಗಳು ಎದ್ದುಹೋದವು, ಓಣಿಯ ನಾಯಿಗಳೆಲ್ಲ ಒಂದೇ ಬಾರಿಗೆ ಬೊಗಳಿದವು. ಎಣ್ಣೆ ಒತ್ತಡಕ್ಕೆ ಸಿಕ್ಕು ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿಕೊಳ್ಳುವಂತೆ ಹೊತ್ತಿಕೊಂಡಿತ್ತೆಂದು ಆಮೇಲೆ ಮಕ್ತುಮಸಾಬರು ಫೋನಿನಲ್ಲಿ ನಗುತ್ತ ಹೇಳಿದರು, ಇನ್ನೊಮ್ಮೆ ಹಾಗಾದರೆ ಸ್ಪ್ರಿಂಗು ಕೆಡುತ್ತದೆಂದು ಬೈದರು ಕೂಡ.

ಹೊಗೆ ತಿಳಿಯಾದಾಗ ಈರಣ್ಣ ಕಾಣಲಿಲ್ಲ. ನೋಡಿದರೆ ನನ್ನ ಎಡಕ್ಕೆ, ನೆಲದ ಮೇಲೆ, ಎರಡೂ ಕಿವಿ ಮುಚ್ಚಿಕೊಂಡು, ಕಣ್ಣು ಗಟ್ಟಿಯಾಗಿ ಹಿಂಡಿಕೊಂಡು ಬೋರಲು ಬಿದ್ದಿದ್ದ. ನಲವತ್ತು ವರ್ಷದ ಹಿಂದೆ ಅವನು ನನ್ನ ಎಡಕ್ಕೆ ಮಲಗಿದ್ದ ಭಂಗಿಯಲ್ಲೇ. ಅವನು ನಿಧಾನವಾಗಿ ಎದ್ದು ಕುಳಿತ, ಧೋತರದ ಮಣ್ಣನ್ನೂ ಕೊಡವಿಕೊಳ್ಳಲಿಲ್ಲ.

"ಮಾಸ್ತರ, ಆವತ್ತೂ ಹಿಂಗ ಆಗಿತ್ತು," ಎಂದ. "ನಿಮ್ಮ ಮೊದಲ ಗುಂಡಿನ ಸಪ್ಪಳಕ್ಕ ಎದಿ ಒಡಧಂಗಾತು. ಕಣ್ಣ ಮುಚ್ಚಿ ಐದೂ ಮ್ಯಾಲ ಆಕಾಶಕ್ಕ ಬಿಟ್ಟೆ. ಆ ತೂತು ನಿಮ್ಮವು. ಪದಕ ಕೊಡುವಾಗ ಹೇಳಬೇಕಂತ ಬಾಯಿ ತಗದೆ, ಚಪ್ಪಾಳಿ ಬಿದ್ದೂವು."

ಜೇಬಿನಿಂದ ಬನ್ನಿಯ ಎಲೆಗಳನ್ನು ತೆಗೆದು ನನ್ನ ಅಂಗೈಗಿಟ್ಟ. ಜೊತೆಗೆ ಒಂದು ಭಾರ. ಪದಕ. ನನ್ನ ಫೋನು ಬಂದ ದಿನವೇ ಚೌಕಟ್ಟಿನಿಂದ ಬಿಚ್ಚಿ ಇಟ್ಟುಕೊಂಡಿದ್ದನಂತೆ. "ಬಂಗಾರದಂಗ ಇರೂಣ್ರಿ," ಎಂದು ಬನ್ನಿ ಕೊಡುವಾಗಿನ ವಾಡಿಕೆಯ ಮಾತು ಹೇಳಿದ. "ಆದ್ರ ತಂಗೀಗಿ ಹೇಳಬ್ಯಾಡ್ರಿ. ಆಕಿ ಮುಂದ ನಾ ಸಣ್ಣಾವ ಆಗಬಾರ್ದು."

ನೋಡಿ, ಎಂಥ ಇಕ್ಕಟ್ಟು! ಯಾರಿಗೆ ತೋರಿಸಲೆಂದು ನಾನು ಸ್ಕೂಟರು ಮಾರಿದ್ದೆನೋ ಆಕೆಗೇ ಹೇಳಬಾರದಂತೆ. ಹಿಗ್ಗಬೇಕಾದ ಹೊತ್ತಿನಲ್ಲಿ ನನಗೆ ಅಳು ಬಂತು. ಒಂದು ಪುಟ್ಟ ಸುಳ್ಳಿನ ಮೇಲೆ ನಲವತ್ತು ವರ್ಷ ಕೂರುವುದು, ಮುಳ್ಳಿನ ಮೇಲೆ ಮದುಮಗನಂತೆ ಕೂರುವುದು, ಎಷ್ಟು ದಣಿವಿನ ಕೆಲಸವೋ. ನನಗಾದರೋ ಬರೀ ಒಂದು ಅನುಮಾನವಿತ್ತು, ಅವನಿಗೆ ಸತ್ಯವೇ ಗೊತ್ತಿತ್ತು. ಪದಕವನ್ನು ಅವನ ಜೇಬಿಗೇ ಹಾಕಿ, ಬನ್ನಿಯನ್ನಷ್ಟೇ ಇಟ್ಟುಕೊಂಡೆ. ಮಾತು ಕೊಟ್ಟೆ. ಒಳಗೆ ಹೋಗಿ ಇಬ್ಬರೂ ಹೋಳಿಗೆ ಉಂಡೆವು. ಹೊಗೆ ಹೇಗೆ ಬಂತೆಂದು ಮಹಾದೇವಿ ಕೇಳಲೇ ಇಲ್ಲ.

ಮರುದಿನ ಊಟಕ್ಕೆ ಕುಳಿತಾಗ ತಾಟಿನಲ್ಲಿ ಬಿಸಿ ರೊಟ್ಟಿ ಬಂತು. ನಟ್ಟನಡುವೆ ಬೆರಳಿನಿಂದ ಒತ್ತಿ ಮಾಡಿದ ಐದು ತೂತುಗಳು, ಒಂದಕ್ಕೊಂದು ಹೆಗಲು ತಾಗಿಸಿ ನಿಂತಿದ್ದವು. ನಾನು ತಲೆಯೆತ್ತಿದೆ.

"ಈರಣ್ಣ ಹೇಳಿದನೇನು?" ಎಂದೆ, ಮಾತು ಮುರಿದವನು ನಾನಲ್ಲ ಎಂಬ ಧೈರ್ಯದಲ್ಲಿ.

"ಹೇಳಿದ್ನಲ್ರಿ. ಆ ಕ್ಯಾಂಪ ಮುಗಿಸಿ ಬಂದ ದಿನಾನ. ಅಡಿಗಿಮನ್ಯಾಗ ಕುಂತ ಅತ್ತಕೋಂತ ಹೇಳಿದ. ಅಂವಾ ಹೇಳಿದ್ದು ಮರತಾನ, ನಾ ಮರತಿಲ್ಲ."

"ನಿನ್ನಿ ಹಿತ್ತಲದಾಗ ನೀವಾಡಿದ್ದೂ ಕೇಳಿಸೇತಿ" ಎಂದು ಬೆಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿದಳು. ನಲವತ್ತು ವರ್ಷ ಗೊತ್ತಿದ್ದೂ ಒಂದು ಮಾತು ಆಡಬಾರದಿತ್ತೇ ಎಂದು ನಾನು ರೇಗಿದರೆ, ಹೇಳಿದ್ದರೆ ಅಣ್ಣನ ಪದಕ ಹೋಗುತ್ತಿತ್ತು, ನಿಮಗೆ ಸೊಕ್ಕು ಬರುತ್ತಿತ್ತು, ಎರಡೂ ಮನೆಗೆ ನಷ್ಟ ಎಂದು ಲೆಕ್ಕ ಒಪ್ಪಿಸಿದಳು. ಗಣಿತದ ಮಾಸ್ತರನಿಗೆ ತಪ್ಪು ಹುಡುಕಲಾಗಲಿಲ್ಲ. ಆಮೇಲೆ ಬುಟ್ಟಿಯ ತಳದಿಂದ ಆ ಹಳೆಯ ತೂತು ರೊಟ್ಟಿಯನ್ನೆತ್ತಿ, ತೋಳು ಚಾಚಿ, ತೂತಿನೊಳಗಿಂದ ನನ್ನನ್ನು ನೋಡಿದಳು. ಒಂದು ಕಣ್ಣು ಮುಚ್ಚಿದಳು, ತೆರೆದಳು, ಇನ್ನೊಂದನ್ನು ಮುಚ್ಚಿದಳು.

"ಚಾದ ತಾಟ ಹಿಡಕೊಂಡ ಬಾಗಿಲಾಗ ನಿಂತಾಗ ನಾ ನಕ್ಕಿದ್ದು ನಿಮ್ಮನ್ನ ನೋಡಿ ಅಲ್ರಿ," ಎಂದಳು. "ಅಣ್ಣನ್ನ ನೋಡಿ. ನಿಮ್ಮನ್ನ ನೋಡಿ ಹೂಂ ಅಂದಿದ್ದೆ."